ನಿಯಮ 31(12) ಮತ್ತು ಜಾತ್ರೆಯ ಹತ್ತಡಿ ಜಾಗ

ಗುಂಪು: ಹೈಸ್ಕೂಲ್ ಗೆಳೆಯರು, 1991 ಎಸ್ಸೆಸ್ಸೆಲ್ಸಿ

ದಿನೇಶ (ಮಸ್ಕತ್): [ಫೋಟೊ]
*ಹಲವು ಬಾರಿ ಫಾರ್ವರ್ಡ್ ಆಗಿದೆ*
"ದೇವಸ್ಥಾನದ ಜಾತ್ರೆಯಲ್ಲಿ ಅನ್ಯಧರ್ಮೀಯರು ಅಂಗಡಿ ಹಾಕುವಂತಿಲ್ಲ. ಇದು ನಮ್ಮ ಮಾತಲ್ಲ, 2002ರ ಸರಕಾರಿ ಕಾನೂನು. ನಿಯಮ 31(12). ಹತ್ತು ಜನರಿಗೆ ಕಳುಹಿಸಿ."

ದಿನೇಶ: ಇದು ನಮ್ಮೂರಿನ ಬ್ಯಾನರ್ ಅಲ್ವಾ? ಕಂಬ ನೋಡಿದ್ರೆ ಹಾಗೇ ಕಾಣ್ತದೆ.

ಹರೀಶ: ನಮ್ಮೂರಿನದ್ದೇ. ಅದರಲ್ಲಿ ತಪ್ಪೆಂತ ಉಂಟು? ಕಾನೂನು ಇದ್ದದ್ದನ್ನೇ ಬರೆದಿದ್ದಾರೆ. 2022ರಲ್ಲಿ ಉಡುಪಿ ಜಿಲ್ಲೆಯ ಕಾಪು ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡದಿದ್ದ ಹೊತ್ತಿಗೆ ಮಂತ್ರಿಯೇ ಸದನದಲ್ಲಿ ಹೇಳಿದ್ದರು.

ಅಡ್ಮಿನ್ ಶಶಿ: ರಾಜಕೀಯ ಬೇಡ ಅಂತ ಮೊನ್ನೆಯಷ್ಟೇ ಹೇಳಿದ್ದೆ ಮಾರಾಯ್ರೆ 🙏

ರಮೇಶ (ವಕೀಲ): ಶಶಿ, ಇದು ರಾಜಕೀಯಕ್ಕಿಂತ ಹೆಚ್ಚು ಸರ್ವೆ ನಂಬರಿನ ವಿಷಯ, ಸ್ವಲ್ಪ ಬಿಡು.
ಹರೀಶ, ನಿಯಮ ಉಂಟು, ಸಂಖ್ಯೆಯೂ ಸರಿ. ಫಾರ್ವರ್ಡಿನಲ್ಲಿ ಸಂಖ್ಯೆ ಸರಿ ಇರುವುದೇ ಅಪರೂಪ. 1997ರ ಧಾರ್ಮಿಕ ದತ್ತಿ ಕಾಯ್ದೆಯ ಅಡಿ 2002ರಲ್ಲಿ ಮಾಡಿದ ನಿಯಮಗಳು ಅವು. 31ನೆಯದ್ದು ಸಂಸ್ಥೆಯ ಸ್ಥಿರಾಸ್ತಿಯನ್ನು ಗುತ್ತಿಗೆಗೆ ಕೊಡುವುದರ ಬಗ್ಗೆ. ಅದರ 12ನೇ ಉಪನಿಯಮದಲ್ಲಿ, ಸಂಸ್ಥೆಯ ಹತ್ತಿರ ಇರುವ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದು ಅಂತ ಇದೆ. "ಜಾತ್ರೆ", "ಸಂತೆ", "ವ್ಯಾಪಾರ" ಅನ್ನುವ ಯಾವ ಮಾತೂ ಅದರಲ್ಲಿಲ್ಲ.

ಹರೀಶ: ಹತ್ತಿರ ಅಂದ್ಮೇಲೆ ಹತ್ತಿರ. ಜಾತ್ರೆ ಎಂತ ದೂರದಲ್ಲಿ ಆಗ್ತದಾ?

ರಮೇಶ: ಹತ್ತಿರ ಇದ್ದರೆ ಸಾಕಾಗುವುದಿಲ್ಲ, ಆಸ್ತಿ ದೇವಸ್ಥಾನದ್ದಾಗಿರಬೇಕು. ಬೇರೆಯವರ ಜಾಗವನ್ನು ದೇವಸ್ಥಾನ ಗುತ್ತಿಗೆಗೆ ಕೊಡುವುದು ಹೇಗೆ? ಮಾರ್ಚ್ 23ರಂದು ಕಾನೂನು ಮಂತ್ರಿ ಮಾಧುಸ್ವಾಮಿ ಹೇಳಿದ್ದರ ಅರ್ಧವನ್ನು ನೀನು ಬಿಟ್ಟೆ. ನಿಯಮ ತೋರಿಸಿದ್ದು ಹೌದು. ಆದರೆ ದೇವಸ್ಥಾನದ ಆವರಣದ ಹೊರಗೆ ಹೀಗೆ ಆಗಿದ್ದರೆ ಸರಿಪಡಿಸುತ್ತೇವೆ ಅಂತಲೂ ಹೇಳಿದ್ದರು. ಆ ಅರ್ಧ ಯಾವ ಬ್ಯಾನರಿಗೂ ಬರಲಿಲ್ಲ.

ಸುಜಾತ (ಪುರಸಭೆ): ನಮ್ಮಲ್ಲಿ ಜಾತ್ರೆ ಅಂಗಡಿ ಮೂರು ಬಗೆಯ ನೆಲದಲ್ಲಿ ಬೀಳ್ತದೆ. ಗೋಪುರದ ಎದುರಿನ ಅಂಗಳ ದೇವಸ್ಥಾನದ್ದು. ರಥಬೀದಿಯಿಂದ ಬಸ್‌ಸ್ಟ್ಯಾಂಡ್ ತನಕ ಎರಡೂ ಬದಿ ರಸ್ತೆ, ಅದು ಸಾರ್ವಜನಿಕ. ಆಚೆ ಬದಿಯ ಕಂಬಳದ ಗದ್ದೆ ಯಾರದ್ದು ಅಂತ ಪಹಣಿ ನೋಡದೆ ಹೇಳಲಿಕ್ಕಾಗುವುದಿಲ್ಲ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವಾಗ ಮಾತ್ರ ಮೂರೂ ಒಂದೇ ಸಾಲು, ಒಂದೇ ಹರಾಜು. ಗಲಾಟೆ ಹುಟ್ಟುವುದೇ ಅಲ್ಲಿ. ರಸ್ತೆಯಲ್ಲಿ ಕೂತವನಿಂದ ಸಮಿತಿ ನೆಲಬಾಡಿಗೆ ತೆಗೆದುಕೊಳ್ಳುವುದಕ್ಕೇ ಆಧಾರ ಇಲ್ಲ. ಅವನ ಧರ್ಮ ಕೇಳುವ ಮಾತು ಆಮೇಲಿನದ್ದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಉಂಟು, ಅದರಲ್ಲಿ ಶೇ. 40 ವ್ಯಾಪಾರಿಗಳದ್ದೇ ಪ್ರತಿನಿಧಿಗಳು ಇರಬೇಕು. ರಸ್ತೆಬದಿಯ ಜಾಗದ ಮಾತು ಹೋಗಬೇಕಾದ್ದು ಅಲ್ಲಿಗೆ.

ಹರೀಶ: ಸರಿ, ರಸ್ತೆ ಬಿಡಿ. ಅಂಗಳ ದೇವಸ್ಥಾನದ್ದೇ ಅಲ್ವಾ? ಅಲ್ಲಿ ನಿಯಮ ಅನ್ವಯ ಆಗ್ತದೆ ಅಂತ ರಮೇಶನೇ ಒಪ್ಪಿದ ಹಾಗಾಯ್ತು.

ರಮೇಶ: ಪೂರ್ತಿ ಒಪ್ಪಲಿಲ್ಲ. ಗುತ್ತಿಗೆ ಬೇರೆ, ಪರವಾನಗಿ ಬೇರೆ. ಗುತ್ತಿಗೆಯಲ್ಲಿ ಜಾಗದ ಮೇಲೆ ಹಕ್ಕು ಬರ್ತದೆ, ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 105. ಪರವಾನಗಿಯಲ್ಲಿ "ಕೂತ್ಕೊ, ಹೇಳಿದಾಗ ಏಳು" ಅಷ್ಟೇ, ಈಸ್‌ಮೆಂಟ್ಸ್ ಕಾಯ್ದೆಯ ಸೆಕ್ಷನ್ 52. ಎರಡೂ 1882ರವು. ಎರಡು ರಾತ್ರಿಗೆ ಟಾರ್ಪಾಲು ಕಟ್ಟಿದವನಿಗೆ ರಥ ಎಳೆಯುವ ಹೊತ್ತಿಗೆ "ಕೋಲು ಒಳಗೆ ಎಳಿ" ಅಂದರೆ ಎಳೆಯಲೇಬೇಕು. ಅವನ ಕೈಯಲ್ಲಿರುವುದು ಪರವಾನಗಿ. ಕಾಗದದ ಮೇಲೆ ಏನು ಹೆಸರು ಬರೆದಿದೆ ಅನ್ನುವುದು ಮುಖ್ಯವಲ್ಲ, ನಿಜವಾದ ಸ್ವಾಧೀನ ಯಾರದ್ದು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ಸಮಿತಿಯವರು ರಸೀದಿಯಲ್ಲಿ "ಗುತ್ತಿಗೆ" ಅಂತ ಅಚ್ಚು ಹಾಕಿಸಿ ತಾವೇ ಗೊಂದಲ ತಂದುಕೊಳ್ತಾರೆ.

ಇನ್ನೊಂದು. ಶ್ರೀಶೈಲದಲ್ಲಿ ದೇವಸ್ಥಾನದ ಅಂಗಡಿಗಳ ಹರಾಜಿಗೆ ಹಿಂದೂಗಳು ಮಾತ್ರ ಅಂತ ಆಂಧ್ರ ಸರಕಾರ 2015ರಲ್ಲಿ ಆದೇಶ ಮಾಡಿತ್ತು. ಅಲ್ಲಿಯ ಹೈಕೋರ್ಟ್ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟು, 2021ರ ಡಿಸೆಂಬರಿನಲ್ಲಿ, ಧರ್ಮದ ಕಾರಣಕ್ಕೇ ಯಾರನ್ನೂ ಹರಾಜಿನಿಂದ, ಗುತ್ತಿಗೆಯಿಂದ ಹೊರಗಿಡಬಾರದು ಅಂತ ಹೇಳಿತು. ಅದು ಮಧ್ಯಂತರ ಆದೇಶ, ಕೊನೆಯ ತೀರ್ಪಲ್ಲ. ನಮ್ಮ 31(12) ಅದರಿಂದ ರದ್ದಾಯ್ತು ಅಂತ ನಾನು ಹೇಳುವುದಿಲ್ಲ. ಆದರೆ ಗಾಳಿ ಯಾವ ಕಡೆ ಬೀಸ್ತದೆ ಗೊತ್ತಾಗ್ತದೆ.

ಹರೀಶ: ಹಾಗಾದ್ರೆ ಆ ನಿಯಮ ಬರೆದದ್ದು ಯಾರು? 2002ರಲ್ಲಿ ಇದ್ದದ್ದು ಕೃಷ್ಣ ಸರಕಾರ, ಕಾಂಗ್ರೆಸ್. ಬರೆದು ಇಪ್ಪತ್ತು ವರ್ಷ ಸುಮ್ಮನಿದ್ದು, ಜಾರಿ ಮಾಡಿದವರು ಮಾತ್ರ ಕೋಮುವಾದಿಗಳಾ?

ರಮೇಶ: ಈ ಪ್ರಶ್ನೆ ನ್ಯಾಯವಾದ್ದು. ಉತ್ತರ ಕೊಡಬೇಕಾದವರು ಈ ಗುಂಪಿನಲ್ಲಿ ಇಲ್ಲ.

ಹರೀಶ: ಮತ್ತೆ ಮೊದಲು ಅಂಗಡಿ ಮುಚ್ಚಿದ್ದು ಯಾರು? ಹಿಜಾಬ್ ತೀರ್ಪು ಬಂದದ್ದು 2022ರ ಮಾರ್ಚ್ 15ಕ್ಕೆ. ಅದರ ವಿರುದ್ಧ 17ಕ್ಕೆ ಮುಸ್ಲಿಂ ಸಂಘಟನೆಗಳ ಬಂದ್. ಕೋರ್ಟಿನ ವಿರುದ್ಧ ಬಂದ್ ಮಾಡಿದವರಿಗೆ ನಮ್ಮ ಜಾತ್ರೆಯ ವ್ಯಾಪಾರ ಬೇಕು.

ಇಬ್ರಾಹಿಂ: ತನ್ನ ಅಂಗಡಿ ತಾನು ಮುಚ್ಚುವುದು, ಇನ್ನೊಬ್ಬನ ಅಂಗಡಿ ತೆರೆಯಲಿಕ್ಕೆ ಬಿಡದೆ ಇರುವುದು, ಎರಡೂ ಒಂದೇ ಆಗ್ತದಾ ಹರೀಶ?

ಹರೀಶ: ಹಾಗಾದ್ರೆ ಕೊಳ್ಳದೆ ಇರುವುದೂ ನಮ್ಮಿಷ್ಟ.

ಇಬ್ರಾಹಿಂ: ಹೌದು. ಕೊಳ್ಳಬೇಡ. ಅದಕ್ಕೆ ಬ್ಯಾನರ್ ಯಾಕೆ ಬೇಕು?

*ಈ ಸಂದೇಶವನ್ನು ಅಳಿಸಲಾಗಿದೆ*

ಅಡ್ಮಿನ್ ಶಶಿ: ಅಳಿಸಿದ್ದು ಒಳ್ಳೆಯದಾಯ್ತು ದಿನೇಶ. ಇನ್ನೊಮ್ಮೆ ಹಾಗೆ ಬರೆಯಬೇಡ.

ಇಬ್ರಾಹಿಂ: ಲೆಕ್ಕ ಹೇಳ್ತೇನೆ, ಇದು ಧರ್ಮದ ಮಾತಲ್ಲ. 80 ಜಾಗ ಅಂತ ಹಿಡಿಯಿರಿ, ಒಂದೊಂದು ಹತ್ತಡಿ. ಕರೆಯುವವರು ನೂರಕ್ಕೆ ಮೇಲೆ ಇದ್ದರೆ ಪೈಪೋಟಿಯಲ್ಲಿ ಸರಾಸರಿ 3,000ಕ್ಕೆ ಹೋಗ್ತದೆ. 2,40,000 ಆಯ್ತು. ಈಗ ಬ್ಯಾನರ್ ಹಾಕಿ 50 ಜನ ಉಳಿದರು ಅಂತಿಟ್ಟುಕೊಳ್ಳಿ. 30 ಜಾಗ ಖಾಲಿ, ಅಷ್ಟಕ್ಕೇ ಮುಗಿಯುವುದಿಲ್ಲ. 80 ಜಾಗಕ್ಕೆ 50 ಜನ ಆದಮೇಲೆ ಯಾರು ಏರಿಸಿ ಕೂಗ್ತಾರೆ? ಮೂಲ ಬೆಲೆ 1,500 ಇದ್ದರೆ ಅಲ್ಲಿಗೇ ನಿಲ್ತದೆ. 75,000. ನಷ್ಟ ಆದದ್ದು ದೇವಿಯ ಹುಂಡಿಗೆ.

ಹರೀಶ: ಜಾಗ ಖಾಲಿ ಉಳಿಯುವುದಿಲ್ಲ. ಘಟ್ಟದ ಮೇಲಿಂದ ಬರ್ತಾರೆ.

ಇಬ್ರಾಹಿಂ: ಬರ್ತಾರೆ, ತಾರೀಕು ಹೊಂದಿದರೆ. ಜಾತ್ರೆ ವ್ಯಾಪಾರಿಗೆ ಡಿಸೆಂಬರಿನಿಂದ ಪತ್ತನಾಜೆ (ಮೇ ಕೊನೆಗೆ ಜಾತ್ರೆಗಳು ಮುಗಿಯುವ ದಿನ) ತನಕ ಒಂದು ಸರಪಳಿ. ಇವತ್ತು ಇಲ್ಲಿ ಕಳಚಿದ ಟಾರ್ಪಾಲು ನಾಳೆ ರಾತ್ರಿ ಇನ್ನೊಂದು ಊರಲ್ಲಿ ಕಟ್ಟಬೇಕು. ಆಟಿಕೆ, ಬಳೆ ಎಲ್ಲ ಸಗಟಿನವನ ಸಾಲದ ಮೇಲೆ ಬಂದದ್ದು. ಮಳೆಯ ಮೊದಲು ಕರಗದ ಮಾಲು ಮುಂದಿನ ವರ್ಷಕ್ಕೆ ಬಣ್ಣ ಹೋಗಿ ಕೂತಿರ್ತದೆ. ಘಟ್ಟದವನಿಗೆ ಈ ಸರಪಳಿ ಗೊತ್ತಿಲ್ಲದಿದ್ದರೆ ಲಾರಿ ಬಾಡಿಗೆಯೇ ಹುಟ್ಟುವುದಿಲ್ಲ. ಮತ್ತೆ ಹಲವು ಕಡೆ ಆಗುವುದೆಂತ? ಹರಾಜು ಒಬ್ಬನ ಹೆಸರಿಗೆ, ಒಳಗಿಂದ ದುಪ್ಪಟ್ಟಿಗೆ ಕೊಡುವುದು ಇನ್ನೊಬ್ಬನಿಗೆ. ನಡುವೆ ನಿಂತವನಿಗೆ ಲಾಭ.

ಲವೀನಾ: ನನ್ನದೊಂದು ಸಣ್ಣ ಸಂಶಯ. ದೇವಿಗೆ ಹಾಕುವ ಮಲ್ಲಿಗೆ ಅಂಗಡಿಯಾ, ಪೂಜೆಯಾ? ಉಡುಪಿ ಹತ್ತಿರದ ಶಂಕರಪುರದ ಸುತ್ತ ಗಿಡ ಇರುವುದು ಎಷ್ಟೋ ಕ್ರಿಸ್ತುವರ ಅಂಗಳದಲ್ಲಿ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿದರೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಮೊಗ್ಗು. ಅದನ್ನು ಬುಟ್ಟಿಯಲ್ಲಿ ಪೇಟೆಗೆ ಮುಟ್ಟಿಸಿ ಮಾರುವವರಲ್ಲಿ ಬ್ಯಾರಿ ಮುಸ್ಲಿಮರೂ ಇದ್ದಾರೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದಲ್ಲಿ ದೇವಿಯನ್ನು ಮಲಗಿಸುವ ಶಯನೋತ್ಸವಕ್ಕೆ ರಾಶಿ ರಾಶಿ ಚೆಂಡು ಹೋಗ್ತದೆ. ಯಾವ ಚೆಂಡಿಗೆ ಯಾರ ಕೈ ತಾಗಿದೆ ಅಂತ ಯಾರು ಬಿಡಿಸಿ ನೋಡ್ತಾರೆ?

ಇಬ್ರಾಹಿಂ: ಬಪ್ಪನಾಡಿನಲ್ಲಿ, ದೇವಸ್ಥಾನ ಕಟ್ಟಿಸಿದ ಅಂತ ಐತಿಹ್ಯ ಹೇಳುವ ಬಪ್ಪ ಬ್ಯಾರಿಯ ಮನೆತನಕ್ಕೆ ಜಾತ್ರೆಯ ಪ್ರಸಾದ ಇವತ್ತಿಗೂ ಕೊಡ್ತಾರೆ. 2022ರಲ್ಲಿ ಬ್ಯಾನರ್ ಅಲ್ಲಿಗೂ ಬಂತು.

ಹರೀಶ: ಪ್ರಸಾದ ಕೊಡುವುದು ಸಂಪ್ರದಾಯ. ಅಂಗಡಿ ಸಂಪ್ರದಾಯ ಅಲ್ಲ. ಹೂವಿನ ವಿಷಯ ಯಾರೂ ಎತ್ತಲಿಲ್ಲ ಲವೀನಾ, ನೀವು ಸುಮ್ಮನೆ ತರಬೇಡಿ.

ಲವೀನಾ: ಬ್ಯಾನರಿನಲ್ಲಿ "ವ್ಯಾಪಾರ" ಅಂತ ಉಂಟು. ಹೂವು ಬಿಟ್ಟು ಅಂತ ಇಲ್ಲ.

ಸುಜಾತ: ಈಗ ಬ್ಯಾನರಿನದ್ದೇ ಮಾತಾಡುವ. ವ್ಯವಸ್ಥಾಪನಾ ಸಮಿತಿ ಅಂದರೆ ಒಂಬತ್ತು ಜನ, ಅದರಲ್ಲಿ ಇಬ್ಬರು ಹೆಂಗಸರು, ಪರಿಶಿಷ್ಟರೊಬ್ಬರು ಇರಲೇಬೇಕು. ಇವರೆಲ್ಲ ಕೂತು ನಿರ್ಣಯ ಮಾಡಿದ್ದಾರಾ? ನಿರ್ಣಯ ಪುಸ್ತಕದ ಪ್ರತಿ ಕೇಳಬಹುದು. ಫೋಟೊ ದೊಡ್ಡದು ಮಾಡಿ ನೋಡಿದೆ, ಕೆಳಗೆ ಸಮಿತಿಯ ಹೆಸರೇ ಇಲ್ಲ, "ಭಕ್ತವೃಂದ" ಅಂತ ಉಂಟು. ಪುರಸಭೆಯ ಅನುಮತಿ ಸಂಖ್ಯೆ ಇಲ್ಲ, ಮುದ್ರಕರ ಹೆಸರಿಲ್ಲ. ಅನುಮತಿ ಇಲ್ಲದೆ ಹಾಕುವುದೇ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ಒಂದು ಅಪರಾಧ. ಪ್ಲಾಸ್ಟಿಕ್ ಫ್ಲೆಕ್ಸ್ ಅಂತೂ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಕಾನೂನು ಅಂತ ಬರೆದ ಬ್ಯಾನರೇ ಎರಡು ಕಾನೂನು ಮುರಿದು ನೇತಾಡ್ತಾ ಉಂಟು 😄

ಹರೀಶ: ಫ್ಲೆಕ್ಸ್ ಎಲ್ಲರೂ ಹಾಕ್ತಾರೆ. ಉರೂಸಿಗೂ ಹಾಕ್ತಾರೆ.

ಸುಜಾತ: ಅದೂ ತಪ್ಪೇ. ಅದನ್ನೂ ತೆಗೆಸುವುದೇ. ಈಗ ಕೆಲಸದ ಮಾತು. ಹರಾಜಿಗೆ ಇನ್ನೂ ದಿನ ಉಂಟು. ಗ್ರಾಮನಕ್ಷೆ, ಮೂರೂ ಜಾಗದ ಪಹಣಿ ತೆಗೆಸಿ. ನಕ್ಷೆಯ ಮೇಲೆ ಅಂಗಳ, ರಸ್ತೆ, ಗದ್ದೆ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ ತಹಶೀಲ್ದಾರರಿಗೆ, ಮುಖ್ಯಾಧಿಕಾರಿಗೆ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿದರೆ ನಾಳೆ "ಯಾರೂ ಹೇಳಲೇ ಇಲ್ಲ" ಅಂತ ಆಗ್ತದೆ. ಹರಾಜು ಮುಗಿದ ಮೇಲೆ ಹೋದರಂತೂ ಯಾರೂ ಕೈ ಹಾಕುವುದಿಲ್ಲ, ಹಣ ಕಟ್ಟಿದವನು ಅಡ್ಡ ಬರ್ತಾನೆ.

ಹರೀಶ: ನಕ್ಷೆ ಬರಲಿ. ರಸ್ತೆ ದೇವಸ್ಥಾನದ್ದಲ್ಲ ಅಂತಾದರೆ ನಾನು ರಸ್ತೆಯ ಮಾತು ಎತ್ತುವುದಿಲ್ಲ. ಅಂಗಳದಲ್ಲಿ ಮಾತ್ರ ಒಪ್ಪುವುದಿಲ್ಲ.

ರಮೇಶ: ಅಂಗಳಕ್ಕೆ ಶ್ರೀಶೈಲದ ಆದೇಶ ಓದು.

ಹರೀಶ: ಕಳುಹಿಸು, ಓದ್ತೇನೆ. ಓದ್ತೇನೆ ಅಂದದ್ದು, ಒಪ್ತೇನೆ ಅನ್ನಲಿಲ್ಲ.

ದಿನೇಶ: ಮತ್ತೆ ಆ ಫೋಟೊ ಅಳಿಸಿಬಿಡ್ಲಾ?

ಸುಜಾತ: ಅಳಿಸಬೇಡ ಮಾರಾಯ. ಅದರಲ್ಲಿ ಮೆಸ್ಕಾಂ ಕಂಬದ ನಂಬರ್ ಸರಿಯಾಗಿ ಕಾಣ್ತದೆ. ಬ್ಯಾನರ್ ಎಲ್ಲಿತ್ತು ಅಂತ ಅರ್ಜಿಯಲ್ಲಿ ಬರೆಯಲಿಕ್ಕೆ ಅದೇ ಬೇಕು.