ಸಹಾಯ ಬೇಕು: ಟೀತ್ ಸೆಟ್ಟಿಂಗ್‌ಗೆ ಮಾರ್ಕ್ಸ್ ಹೆಂಗೆ ಕೊಡೋದು?

ಎಲ್ರಿಗೂ ನಮಸ್ಕಾರ, ನಾನು ಪ್ರಾಸ್ಥೋ (ಕೃತಕ ಹಲ್ಲು ಕಟ್ಟೋ ವಿಭಾಗ) ಪಿಜಿ, ಬಿಡಿಎಸ್ ಸೆಕೆಂಡ್ ಇಯರ್‌ನವ್ರಿಗೆ ಕಂಪ್ಲೀಟ್ ಡೆಂಚರ್ ಟೀತ್ ಸೆಟ್ಟಿಂಗ್ (ಪೂರ್ತಿ ಹಲ್ಲಿನ ಸೆಟ್‌ಗೆ ವ್ಯಾಕ್ಸಲ್ಲಿ ಕೃತಕ ಹಲ್ಲು ಜೋಡ್ಸೋದು) ಲೈವ್ ಡೆಮೋ ನೋಡಿದ್ರೆ ಚೆನ್ನಾಗಿ ಬರುತ್ತಾ, ಇಲ್ಲಾ ವಿಡಿಯೋ ನೋಡಿದ್ರಾ ಅನ್ನೋದೇ ಥೀಸಿಸ್ ಟಾಪಿಕ್ಕು. (ಡೆಮೋಲಿ ಹಿಂದೆ ನಿಂತೋರಿಗೆ ಸರ್ ಬೆನ್ನು ಬಿಟ್ರೆ ಏನೂ ಕಾಣಲ್ಲ, ನಿಮಗೂ ಗೊತ್ತು.) ತೊಂದ್ರೆ ಇರೋದು ಮಾರ್ಕ್ಸಲ್ಲಿ. ಅದೇ ಸೆಟ್ಟಿಂಗ್‌ನ ಒಬ್ರು ಎಕ್ಸಾಮಿನರ್ ಓಕೆ ಅಂತಾರೆ, ಇನ್ನೊಬ್ರು ಮೇಲಿನ ಲ್ಯಾಟರಲ್ ಇನ್ಸೈಸರ್ (ಮಧ್ಯದಿಂದ ಎರಡನೇ ಹಲ್ಲು) ಅರ್ಧ ಮಿಮೀ ಮೇಲಿರ್ಬೇಕಿತ್ತು, ಪ್ಲೇನ್‌ಗೆ (ಮೇಲಿನ ಕೆಳಗಿನ ಹಲ್ಲು ಸೇರೋ ಮಟ್ಟಕ್ಕೆ) ತಾಗ್ತಿದೆ, ವ್ಯಾಕ್ಸ್ ಕರಗಿಸಿ ಮತ್ತೆ ಮಾಡು ಅಂತಾರೆ. ಒಂದೊಂದು ಹಲ್ಲಿಗೂ ಬೇರೆ ಮಾರ್ಕ್ಸ್ ಇರೋ ರೂಬ್ರಿಕ್ (ಮಾರ್ಕ್ಸ್ ಕೊಡೋ ಪಟ್ಟಿ) ಯಾರತ್ರಾದ್ರೂ ಇದ್ರೆ ಕಳ್ಸಿ ಪ್ಲೀಸ್. ಇಬ್ರು ಎಕ್ಸಾಮಿನರ್‌ಗೆ ಒಟ್ಟು ಮಾರ್ಕ್ಸಿಗೆ ಐಸಿಸಿ, ಪಾಸ್-ಫೇಲ್‌ಗೆ ಕಪ್ಪಾ (ಎರಡೂ ಇಬ್ರ ಮಾರ್ಕ್ಸ್ ಎಷ್ಟು ಹೊಂದುತ್ತೆ ಅಂತ ಅಳೆಯೋ ಲೆಕ್ಕ) ಹಾಕೋಣ ಅಂತಿದೀನಿ, ಸಾಕಾಗುತ್ತಾ? ಇನ್ನೊಂದು, ವಿಡಿಯೋ ಗ್ರೂಪ್‌ನವ್ರು ಹಾಸ್ಟೆಲ್‌ಗೆ ಹೋಗಿ ಎಲ್ರಿಗೂ ತೋರ್ಸ್‌ಬಿಟ್ರೆ ಸ್ಟಡಿನೇ ಹಾಳು, ಅದನ್ನ ಹೆಂಗೆ ತಡೆದ್ರಿ ನೀವೆಲ್ಲ? ಸಿನಾಪ್ಸಿಸ್ (ಥೀಸಿಸ್ ಪ್ಲಾನ್) ಬೇಗ ಕೊಡ್ಬೇಕು.