‘ಸುಧಾರಿತ ಜೆಟ್ ತರಬೇತಿ ವಿಮಾನ’: ಸುಧಾರಿಸಿದ್ದು ಯಾವುದು?

ಗೆಳೆಯರೇ,

ಬೀದರ್ ವಾಯುನೆಲೆಯ ಬಗ್ಗೆ ಒಂದು ಬರಹ ತಿದ್ದುತ್ತಾ ಈ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿರುವ ಹಾಕ್ ವಿಮಾನ ಇಂಗ್ಲಿಷಿನಲ್ಲಿ ‘ಅಡ್ವಾನ್ಸ್ಡ್ ಜೆಟ್ ಟ್ರೇನರ್’. ಕನ್ನಡಕ್ಕೆ ಬರುವಾಗ ‘ಸುಧಾರಿತ ಜೆಟ್ ತರಬೇತಿ ವಿಮಾನ’ ಆಗಿದೆ, ಕೆಲವು ಕಡೆ ‘ಅತ್ಯಾಧುನಿಕ’ ಕೂಡ. ಓದಿದವರಿಗೆ ವಿಮಾನವೇ ಹೊಚ್ಚ ಹೊಸ ನಮೂನೆಯದು ಅನ್ನಿಸುತ್ತದೆ. ಹಾಕ್ ಮೊದಲು ಹಾರಿದ್ದು 1974ರಲ್ಲಿ! (ನಮ್ಮಲ್ಲಿರುವ ಮಾದರಿ ಆಮೇಲಿನದು, ಒಪ್ಪುತ್ತೇನೆ.) ಇಲ್ಲಿ ಮುಂದುವರಿದಿರುವುದು ವಿಮಾನವಲ್ಲ, ಕಲಿಕೆ.

ಹೈದರಾಬಾದಿನ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಪಿಲಾಟಸ್‌ನಂಥ ಪ್ರೊಪೆಲರ್ ವಿಮಾನದಲ್ಲಿ ಹಾರಾಟದ ಓನಾಮ ಮುಗಿಸಿ, ಯುದ್ಧವಿಮಾನದ ದಾರಿಗೆ ಆಯ್ಕೆಯಾದವರು ಮುಂದೆ ಬೀದರ್‌ಗೆ ಬಂದು ಹಾಕ್ ಹತ್ತುತ್ತಾರೆ. ಹಿಂದೆ ಈ ಮೆಟ್ಟಿಲು ಇರಲಿಲ್ಲ. ಎಚ್‌ಎಎಲ್‌ನ ‘ಕಿರಣ್’ ಎಂಬ ನಿಧಾನದ ತರಬೇತಿ ಜೆಟ್‌ನಲ್ಲಿ ಕಲಿತವರು ಶಬ್ದಕ್ಕಿಂತ ವೇಗದ ಮಿಗ್-21ಕ್ಕೆ ಜಿಗಿಯಬೇಕಿತ್ತು. ಮಿಗ್ ಅಪಘಾತಗಳ ಚರ್ಚೆ ಎದ್ದಾಗಲೆಲ್ಲ ಈ ಕಂದಕದ ಮಾತೂ ಏಳುತ್ತಿತ್ತು. ಕೊನೆಗೆ 2004ರಲ್ಲಿ 66 ಹಾಕ್‌ಗಳಿಗೆ ಒಪ್ಪಂದವಾಯಿತು. 2008ರ ಫೆಬ್ರುವರಿಯಲ್ಲಿ ಬೀದರ್‌ನಲ್ಲೇ ಅವುಗಳಲ್ಲಿ ಮೊದಲಿನವು ವಾಯುಪಡೆಗೆ ಸೇರಿದವು. ‘ಅಡ್ವಾನ್ಸ್ಡ್’ ಅನ್ನುವ ಮಾತಿನ ಹಿಂದೆ ಇಷ್ಟು ಕಥೆ ಇದೆ. ‘ಸುಧಾರಿತ’ದಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ನನಗೆ ಹೊಳೆದದ್ದು ‘ಪ್ರೌಢ’. ಪ್ರೌಢಶಾಲೆ ಅಂದಾಗ ಕಟ್ಟಡವೇ ಪ್ರೌಢವಾಗಿದೆ ಎಂದು ಯಾರೂ ತಿಳಿಯುವುದಿಲ್ಲವಲ್ಲ. ಆದರೆ ‘ಪ್ರೌಢ ಜೆಟ್ ತರಬೇತಿ ವಿಮಾನ’ ಎಂದರೆ ಮತ್ತೆ ಅದೇ ಗೋಳು. ‘ಹೊಸ ಕನ್ನಡ ಮೇಷ್ಟ್ರು’ ಅಂದರೆ ಹೊಸಬರು ಮೇಷ್ಟ್ರೋ, ಅವರು ಕಲಿಸುವ ಕನ್ನಡವೋ? ಷಷ್ಠಿ ವಿಭಕ್ತಿ ಹಾಕಿದರೆ ಗೊಂದಲ ಬಗೆಹರಿಯುತ್ತದೆ: ‘ಪ್ರೌಢ ತರಬೇತಿಯ ಜೆಟ್’. ಚಿಕ್ಕದೂ ಹೌದು. ‘ಮೇಲ್ಹಂತದ ತರಬೇತಿಯ ಜೆಟ್’ ಎಂದರೆ ಇನ್ನೂ ಸಲೀಸು, ಆದರೆ ಶೀರ್ಷಿಕೆಯಲ್ಲಿ ಹಿಡಿಸುವುದಿಲ್ಲ.

ಇನ್ನೊಂದು ತೊಡಕು ‘ಟ್ರೇನರ್’. ನನ್ನ ಕೈಯಲ್ಲಿರುವ ಬರಹದಲ್ಲಿ ವಿಮಾನಕ್ಕೇ ‘ತರಬೇತುದಾರ’ ಎಂದಿತ್ತು, ಹೊಡೆದುಹಾಕಿದೆ. ಆಮೇಲೆ ಅನುಮಾನ ಬಂತು. ‘ತರಬೇತು’ವಿನ ಮೂಲ ಅರಬ್ಬಿಯ ‘ತರ್ಬಿಯತ್’, ಸಾಕಿ ಬೆಳೆಸುವುದು ಎಂದರ್ಥ. ಆ ಲೆಕ್ಕದಲ್ಲಿ ಹಾಕ್ ಕೂಡ ತರಬೇತುದಾರನೇ ಇರಬಹುದೇನೋ! ಆದರೂ ‘-ದಾರ’ ಹತ್ತಿದೊಡನೆ ನನಗೆ ಕಾಣುವುದು ಹಿಂದಿನ ಸೀಟಿನಲ್ಲಿ ಕೂತ ಮನುಷ್ಯನೇ.

ಬೀದರ್ ಕಡೆಯವರು, ವಾಯುಪಡೆಯಲ್ಲಿ ಇದ್ದುಬಂದವರು ಯಾರಾದರೂ ಇದ್ದರೆ ಹೇಳಿ: ಮಾತಿನಲ್ಲಿ ಕನ್ನಡದ ಪದ ಏನಾದರೂ ಬಳಸುತ್ತೀರಾ, ಅಥವಾ ಬರೀ ‘ಹಾಕ್’ ಅಂದು ಮುಗಿಸುತ್ತೀರಾ?