ಲಾಕ್‌ಡೌನ್‌ನಲ್ಲಿ ಯುಗಾದಿ: ದೇವಸ್ಥಾನವೂ ಇಲ್ಲ, ಮಾರುಕಟ್ಟೆಯೂ ಇಲ್ಲ

ಪ್ರಶ್ನೆ (ಮಾರ್ಚ್ 24, 2020, ರಾತ್ರಿ):
ನಾಳೆಯಿಂದ 21 ದಿನ ಎಲ್ಲ ಬಂದ್, ನಾಳೆಯೇ ಯುಗಾದಿ. ಮನೆಯಲ್ಲಿರೋದು ಬೆಲ್ಲ, ಹುರಿಗಡಲೆ, ಎಳ್ಳು ಮಾತ್ರ. ಅಂಗಳದ ಬೇವು ಹೂ ಬಿಟ್ಟಿದೆ. ಬೇವು-ಬೆಲ್ಲ ಮಾಡೋದು ಹೇಗೆ? ಪಂಚಾಂಗ ಶ್ರವಣ?

ಉತ್ತರ 1:
ಧಾರಾಳವಾಗಿ ಸಾಕು. ಬೆಳಿಗ್ಗೆ ಕೊಂಬೆಯ ಕೆಳಗೆ ಬಿಳಿ ಪಂಚೆ ಹಾಸಿ ಮೆಲ್ಲಗೆ ಅಲ್ಲಾಡಿಸಿ. ನಕ್ಷತ್ರದಂಥ ಪುಟ್ಟ ಹೂಗಳು ಉದುರುತ್ತವೆ. ತೊಟ್ಟು ತೆಗೆದು, ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಒದ್ದೆ ಹೂ ಹಾಕಿದರೆ ಬೆಲ್ಲ ನೀರೊಡೆದು ಮುದ್ದೆಯಾಗುತ್ತದೆ. ಹುರಿಗಡಲೆ ಪುಡಿ ಅರ್ಧ ಕಪ್, ತುರಿದ ಬೆಲ್ಲ ಕಾಲು ಕಪ್, ಹುರಿದ ಎಳ್ಳು ಒಂದು ಚಮಚ, ಹೂ ಎರಡು ಚಮಚ. ಹೂವನ್ನು ಕೊನೆಗೆ ಹಾಕಿ, ಜಜ್ಜಬೇಡಿ, ಕಹಿ ಏರುತ್ತದೆ. ಎಲೆಯಾದರೆ ಕೆಂಪು ಚಿಗುರು ಮಾತ್ರ.

ಉತ್ತರ 2:
ಪಂಚಾಂಗವನ್ನು ಮನೆಯವರೇ ಓದಬಹುದು. ದೀಪ ಹಚ್ಚಿ, ‘ಶಾರ್ವರಿ ಸಂವತ್ಸರ, ವಸಂತ ಋತು, ಚೈತ್ರ ಶುಕ್ಲ ಪಾಡ್ಯ, ಬುಧವಾರ’ ಎಂದು ಶುರುಮಾಡಿ, ವರ್ಷಫಲ ಓದಿ. ದೂರದ ಊರಿನ ಅಜ್ಜಿಗೆ ಫೋನ್ ಸ್ಪೀಕರ್‌ನಲ್ಲಿ ಕೇಳಿಸಿ. ದೇವರಿಗೆ ಈ ವರ್ಷ ನಡುಮನೆಯೇ ಗುಡಿ.

ಉತ್ತರ 3:
ಚಂದ್ರದರ್ಶನ ಬಿಡಬೇಡಿ! 26ರ ಸಂಜೆ ಸೂರ್ಯ ಮುಳುಗಿ ಅರ್ಧ ಗಂಟೆಗೆ ತಾರಸಿಯಿಂದ ಪಶ್ಚಿಮಕ್ಕೆ ನೋಡಿ. ಪ್ರಕಾಶಮಾನ ಶುಕ್ರನ ಕೆಳಗೆ ತೆಳು ಗೆರೆಯಂತೆ ಕಾಣುತ್ತಾನೆ.